ಶಿರಾಡಿ ಹತ್ತುವಾಗ ಮಾತ್ರ ಅದುರುತ್ತಿದ್ದ ಕಾರು: ಒಂದು ಪ್ರಕರಣ ಅಧ್ಯಯನ

ಕಾರು ನಮ್ಮ ಭಾವನವರದು. 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಬಿಎಸ್4, ಐದು ಗೇರು. ಎಂಜಿನ್ ಮುಂದೆ, ಎಳೆಯುವುದೂ ಮುಂದಿನ ಚಕ್ರಗಳೇ. ಲಕ್ಷ ಕಿಲೋಮೀಟರ್ ದಾಟಿದೆ. ಅವರಿಗೆ ಕೆಲಸ ಬೆಂಗಳೂರಲ್ಲಿ, ಅಪ್ಪ ಅಮ್ಮ ಪುತ್ತೂರಲ್ಲಿ. ಹಾಗಾಗಿ ರಾಷ್ಟ್ರೀಯ ಹೆದ್ದಾರಿ 75, ಉಪ್ಪಿನಂಗಡಿ, ಗುಂಡ್ಯ, ಶಿರಾಡಿ ಘಾಟಿ ಎಲ್ಲ ಆ ಕಾರಿಗೆ ಮಾಮೂಲಿ ದಾರಿ.

ದೂರು ಇಷ್ಟು. ಗುಂಡ್ಯ ದಾಟಿ ಏರು ಶುರುವಾದ ಮೇಲೆ ಮೂರನೇ ಗೇರಿನಲ್ಲಿ 40ರಿಂದ 60ರ ನಡುವೆ ಆಕ್ಸಿಲರೇಟರ್ ಒತ್ತಿದರೆ ಕಾರು ಅದುರುತ್ತದೆ. ಕಾಲು ಎತ್ತಿದರೆ ಆ ಕ್ಷಣವೇ ನಿಲ್ಲುತ್ತದೆ. ಮತ್ತೆ ಒತ್ತಿದರೆ ಮತ್ತೆ ಶುರು. "ಇಳಿಯುವಾಗ ಎಂತ ಇಲ್ಲ ಮಾರಾಯ, ಹತ್ತುವಾಗ ಮಾತ್ರ ಗಡಗಡ ನಡುಗ್ತದೆ" ಅಂತ ಭಾವ ಹೇಳಿದಾಗ ನನಗೆ ಆ ಒಂದು ಮಾತಿನಲ್ಲೇ ಅರ್ಧ ಉತ್ತರ ಇದೆ ಅನಿಸಿತು.

ಅಷ್ಟರಲ್ಲಾಗಲೇ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಸಾಕಷ್ಟು ಖರ್ಚಾಗಿತ್ತು. ಮೊದಲು ವೀಲ್ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್. ಆಮೇಲೆ ನಾಲ್ಕೂ ಸ್ಪಾರ್ಕ್ ಪ್ಲಗ್. ಆಮೇಲೆ ಇಂಜೆಕ್ಟರ್ ಕ್ಲೀನಿಂಗ್. ಕೊನೆಗೆ ಬಲಗಡೆಯ ಎಂಜಿನ್ ಮೌಂಟಿಂಗ್, ಅಂದರೆ ಎಂಜಿನ್ನನ್ನು ಹಿಡಿದಿಡುವ ರಬ್ಬರಿನ ಆಧಾರ. ಒಂದೊಂದೂ ಬಿಡಿಯಾಗಿ ನೋಡಿದರೆ ತಪ್ಪಲ್ಲ, ಕಾರು ಅದುರಲು ಇವೆಲ್ಲ ನಿಜವಾದ ಕಾರಣಗಳೇ. ಆದರೆ ಯಾರೂ ಕಾರನ್ನು ಒಂದು ಏರಿನಲ್ಲಿ ಓಡಿಸಿ ನೋಡಿರಲಿಲ್ಲ. ಗ್ಯಾರೇಜಿನ ಮುಂದಿನ ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹಾಕಿ "ಸರಿಯಾಗಿದೆ ಸಾರ್" ಅಂದಿದ್ದರು. ಅಲ್ಲಿ ಅದು ಯಾವಾಗಲೂ ಸರಿಯಾಗಿಯೇ ಇತ್ತು. ನನ್ನ ತಕರಾರು ಇರುವುದು ಇದಕ್ಕೇ. ಯಾವ ಹೊತ್ತಿನಲ್ಲಿ ಅದುರುತ್ತದೆ ಅಂತ ಹಿಡಿಯದೆ ಪಾರ್ಟ್ ಬದಲಾಯಿಸುತ್ತಾ ಹೋದರೆ ದುಡ್ಡು ಹೋಗುತ್ತದೆ, ತೊಂದರೆ ಉಳಿಯುತ್ತದೆ.

ಏರಿನಲ್ಲಿ ಏನು ಬದಲಾಗುತ್ತದೆ ಅಂತ ಮೊದಲು ಲೆಕ್ಕ ಹಾಕಿ ನೋಡಿ. ನಾಲ್ಕು ಜನ, ಲಗೇಜು, ಹಲಸಿನಕಾಯಿ ತೆಂಗಿನಕಾಯಿ ಎಲ್ಲ ಸೇರಿ ಕಾರಿನ ತೂಕ ಸುಮಾರು 1250 ಕಿಲೋ ಅಂತ ಇಟ್ಟುಕೊಳ್ಳೋಣ. ಸಪಾಟು ರಸ್ತೆಯಲ್ಲಿ 50ರ ವೇಗ ಕಾಯ್ದುಕೊಳ್ಳಲು ಚಕ್ರಗಳು ಸುಮಾರು 20ರಿಂದ 25 ಕಿಲೋ ತೂಕದಷ್ಟು ಬಲದಿಂದ ತಳ್ಳಿದರೆ ಸಾಕು. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಗುರುತ್ವವೊಂದೇ ಇನ್ನೊಂದು 75 ಕಿಲೋದಷ್ಟು ಹಿಂದಕ್ಕೆ ಎಳೆಯುತ್ತದೆ. ಅಂದರೆ ಅದೇ ವೇಗಕ್ಕೆ ನಾಲ್ಕು ಪಟ್ಟು ಎಳೆತ ಬೇಕು, ವೇಗ ಹೆಚ್ಚಿಸಬೇಕಾದರೆ ಇನ್ನೂ ಜಾಸ್ತಿ. ಈ ಬಲವೆಲ್ಲ ಎಂಜಿನ್ನಿನಿಂದ ಗೇರ್‌ಬಾಕ್ಸ್, ಅಲ್ಲಿಂದ ಡ್ರೈವ್ ಶಾಫ್ಟ್, ಅಲ್ಲಿಂದ ಚಕ್ರಕ್ಕೆ ಹೋಗಬೇಕು. ಜತೆಗೆ ಎಳೆಯುವಾಗ ಕಾರಿನ ಮೂತಿ ಸ್ವಲ್ಪ ಮೇಲೇಳುತ್ತದೆ, ಡಿಕ್ಕಿಯಲ್ಲಿ ಭಾರ ಇದ್ದರೆ ಇನ್ನಷ್ಟು. ಮೂತಿ ಎದ್ದರೆ ಶಾಫ್ಟುಗಳು ಕೂರುವ ಕೋನ ಬದಲಾಗುತ್ತದೆ. ಈ ಕೋನದ ವಿಷಯ ಮುಂದೆ ಬರುತ್ತದೆ.

ಹೀಗಾಗಿ ಬ್ಯಾಲೆನ್ಸಿಂಗ್ ಕಾರಣ ಆಗಿರಲು ಸಾಧ್ಯವೇ ಇರಲಿಲ್ಲ. ಬ್ಯಾಲೆನ್ಸ್ ತಪ್ಪಿದ ಚಕ್ರ, ಉಬ್ಬಿದ ಟೈರು, ಬೆಂಡಾದ ರಿಮ್ಮು, ಇವು ಕಾಲು ಎಲ್ಲಿದೆ ಅಂತ ನೋಡುವುದಿಲ್ಲ. ಆ ವೇಗ ಬಂದರೆ ಸಾಕು, ಎಳೆಯುತ್ತಿದ್ದರೂ ಅದುರುತ್ತವೆ, ಸುಮ್ನೆ ಉರುಳುತ್ತಿದ್ದರೂ ಅದುರುತ್ತವೆ. ಅದೂ ಸಾಮಾನ್ಯವಾಗಿ 80ರ ಮೇಲೆ, ಸ್ಟೇರಿಂಗಿನಲ್ಲಿ. ಇದನ್ನು ಖಾತ್ರಿ ಮಾಡಿಕೊಳ್ಳಲು ನೆಲ್ಯಾಡಿ ಹತ್ತಿರ ಸಪಾಟಾದ ಖಾಲಿ ರಸ್ತೆ ಸಿಕ್ಕಾಗ 60ರಲ್ಲಿ ನ್ಯೂಟ್ರಲ್ ಹಾಕಿ ಉರುಳಲು ಬಿಟ್ಟೆವು. ಕಾರು ನೀರಿನ ಹಾಗೆ ಹೋಯಿತು. (ಈ ಪರೀಕ್ಷೆಯನ್ನು ಇಳಿಜಾರಿನಲ್ಲಿ ಮಾತ್ರ ಮಾಡಬೇಡಿ. ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಎಂಜಿನ್ ಬ್ರೇಕಿಂಗ್ ಹೋಗುತ್ತದೆ, ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ.) ಬ್ರೇಕ್ ಒತ್ತಿದಾಗಲೂ ನಡುಕ ಇಲ್ಲ, ಅಂದರೆ ಬ್ರೇಕ್ ಡಿಸ್ಕ್ ವಿಷಯವೂ ಅಲ್ಲ. ಒಂದನೇ ಗೇರಿನಲ್ಲಿ ಹೊರಡುವಾಗ ಮೃದುವಾಗಿ ಹೊರಡುತ್ತದೆ. ಕ್ಲಚ್ ಕಾರಣ ಆಗಿದ್ದರೆ ನಡುಕ ಅಲ್ಲೇ, ಕ್ಲಚ್ ಹಿಡಿಯುವ ಹೊತ್ತಿನಲ್ಲೇ ಕಾಣುತ್ತಿತ್ತು.

ಉಳಿದದ್ದು ಎರಡು ದೊಡ್ಡ ಸಂಶಯ. ಒಂದು ಎಂಜಿನ್ ಮಿಸ್ ಹೊಡೆಯುತ್ತಿದೆ, ಅಂದರೆ ಯಾವುದೋ ಸಿಲಿಂಡರ್ ನಡುನಡುವೆ ಉರಿಯುತ್ತಿಲ್ಲ. ಇನ್ನೊಂದು ಡ್ರೈವ್ ಶಾಫ್ಟ್.

ಮಿಸ್ಸಿಂಗ್ ಅನುಮಾನ ಬರುವುದು ಸಹಜ, ಯಾಕೆಂದರೆ ಅದೂ ಭಾರ ಬಿದ್ದಾಗಲೇ ಹೆಚ್ಚಾಗುವ ಕಾಯಿಲೆ. ಕಾಲು ಒತ್ತಿದಾಗ ಸಿಲಿಂಡರಿನ ಒಳಗೆ ಜಾಸ್ತಿ ಗಾಳಿ ಪೆಟ್ರೋಲು ಬಂದು ಒತ್ತಡ ಏರುತ್ತದೆ. ಅಷ್ಟು ಒತ್ತಡದಲ್ಲಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಆ ವೋಲ್ಟೇಜ್ ಕೊಡುವ ಕಾಯಿಲ್ ಸೋತಿದ್ದರೆ ಅಥವಾ ಪ್ಲಗ್ಗಿನ ಬಿಳಿ ಪಿಂಗಾಣಿಯಲ್ಲಿ ಕೂದಲೆಳೆ ಬಿರುಕಿದ್ದರೆ ಕರೆಂಟು ಸುಲಭದ ದಾರಿ ಹಿಡಿದು ಬೇರೆ ಕಡೆ ಸೋರಿ ಹೋಗುತ್ತದೆ. ಆ ಸಿಲಿಂಡರ್ ಆ ಸಲ ಉರಿಯುವುದಿಲ್ಲ. ನಿಂತಾಗ ಚೆನ್ನಾಗಿರುವ ಎಂಜಿನ್ ಏರಿನಲ್ಲಿ ಮುಗ್ಗರಿಸುವುದು ಹೀಗೆ. ಆದರೆ ಮಿಸ್ಸಿಂಗಿನ ನಡುಕಕ್ಕೆ ಒಂದು ಸ್ವಭಾವ ಇದೆ. ಬಿಟ್ಟು ಬಿಟ್ಟು ಜರ್ಕ್ ಹೊಡೆಯುತ್ತದೆ, ಪಿಕಪ್ ಬೀಳುತ್ತದೆ, ಎಂಜಿನ್ ದೀಪ ಹೊತ್ತಿಕೊಳ್ಳಬಹುದು. ದೀಪ ಮಿನುಗುತ್ತಿದ್ದರೆ ಆಗಲೇ ಕಾಲು ಹಗುರ ಮಾಡಿ, ಯಾಕೆಂದರೆ ಉರಿಯದ ಪೆಟ್ರೋಲು ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುವ ಮಟ್ಟದ ಮಿಸ್‌ಫೈರ್ ಅದು.

ಭಾವನ ಕಾರಿನಲ್ಲಿ ಪಿಕಪ್ ಬಿದ್ದಿರಲಿಲ್ಲ. ಅದುರುತ್ತಲೇ ಚೆನ್ನಾಗಿ ಎಳೆಯುತ್ತಿತ್ತು. ಇದು ಬಹಳ ದೊಡ್ಡ ಸುಳಿವು.

ಸುಳಿವನ್ನು ನಂಬಿ ಕೂರದೆ ಸ್ಟೇರಿಂಗ್ ಕೆಳಗಿನ, ಎಂಜಿನ್ನಿನ ದೋಷದ ಕೋಡು ಓದುವ ಒಬಿಡಿ ಸಾಕೆಟ್ಟಿಗೆ ಬ್ಲೂಟೂತ್ ಅಡಾಪ್ಟರ್ ಚುಚ್ಚಿ ಫೋನಿನಲ್ಲಿ ನೋಡಿದೆವು. ಪಿ0300 ಬಂದರೆ ಯಾವ ಸಿಲಿಂಡರ್ ಅಂತ ಇಲ್ಲದ ಮಿಸ್‌ಫೈರ್. ಪಿ0301ರಿಂದ ಪಿ0304ರವರೆಗೆ ಬಂದರೆ ಕೊನೆಯ ಅಂಕಿಯೇ ಸಿಲಿಂಡರ್ ನಂಬರು. ಇಲ್ಲಿ ಯಾವ ಕೋಡೂ ಇರಲಿಲ್ಲ, ಬಂದು ಕಾಯುತ್ತಾ ಕೂತ ಪೆಂಡಿಂಗ್ ಕೋಡೂ ಇರಲಿಲ್ಲ. ಫ್ಯೂಯಲ್ ಟ್ರಿಮ್ (ಕಾರಿನ ಕಂಪ್ಯೂಟರು ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ) ಅಂಕಿಗಳು ಸೊನ್ನೆಯ ಅಕ್ಕಪಕ್ಕದಲ್ಲೇ ಇದ್ದವು, ಅಂದರೆ ಪೆಟ್ರೋಲು ಕಡಿಮೆಯಾಗಿ ಎಂಜಿನ್ ಒದ್ದಾಡುತ್ತಿಲ್ಲ. ನಿಮ್ಮ ಕಾರಿನಲ್ಲಿ ಒಂದೇ ಸಿಲಿಂಡರಿನ ಕೋಡ್ ಬಂದರೆ, ಪ್ರತಿ ಸಿಲಿಂಡರಿಗೆ ಬೇರೆ ಕಾಯಿಲ್ ಇರುವ ಕಾರಾದರೆ, ಹೊಸ ಕಾಯಿಲ್ ತರುವ ಮೊದಲು ಆ ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಹಾಕಿ ಮತ್ತೆ ಅದೇ ಏರು ಹತ್ತಿ. ಕೋಡು ಪಕ್ಕಕ್ಕೆ ಹೋದರೆ ಕಾಯಿಲ್ಲೇ ಕೆಟ್ಟಿದೆ. ಇದ್ದಲ್ಲೇ ಇದ್ದರೆ ಪ್ಲಗ್ಗು, ಇಂಜೆಕ್ಟರು ನೋಡಬೇಕು. ಖರ್ಚಿಲ್ಲದೆ ಸಿಗುವ ಉತ್ತರ ಇದು.

ಕೋಡ್ ಇಲ್ಲ ಅಂದ ಮಾತ್ರಕ್ಕೆ ಎಂಜಿನ್ ನಿರ್ದೋಷಿ ಅಂತ ನಾನು ಒಪ್ಪುವುದಿಲ್ಲ. ಹಾಗಾಗಿ ನಿಜವಾದ ಪರೀಕ್ಷೆ ಘಾಟಿಯಲ್ಲೇ ಮಾಡಿದೆವು. ಶಿರಾಡಿಯ ಕಾಂಕ್ರೀಟ್ ರಸ್ತೆ ಇದಕ್ಕೆ ಒಳ್ಳೆಯ ಜಾಗ. ಗುಂಡಿಯ ಕುಲುಕಾಟ ಇಲ್ಲದ್ದರಿಂದ ಕಾರಿನ ನಡುಕ ಮಾತ್ರ ಸಿಗುತ್ತದೆ. ಹಿಂದೆ ಟ್ಯಾಂಕರ್, ಬಸ್ಸು ಇಲ್ಲದ ಹೊತ್ತು ನೋಡಿ, ಒಂದೇ ರೀತಿ ಏರುವ ಜಾಗದಲ್ಲಿ, ವೇಗವನ್ನು 50ರಲ್ಲೇ ಹಿಡಿದು ಗೇರು ಮಾತ್ರ ಬದಲಾಯಿಸುತ್ತಾ ಹೋಗುವುದು. ಎರಡನೇ ಗೇರು, ಮೂರನೇ ಗೇರು, ನಾಲ್ಕನೇ ಗೇರು. ಭಾವ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಫೋನನ್ನು ಸೀಟಿನ ಹಳಿಯ ಪಕ್ಕ ನೆಲಕ್ಕೆ ಒತ್ತಿ ಹಿಡಿದು ಕಂಪನ ಅಳೆಯುವ ಆ್ಯಪ್ ನೋಡುತ್ತಿದ್ದೆ. ಒಬ್ಬರೇ ಇದ್ದರೆ ಈ ಸಾಹಸ ಬೇಡ.

ಯಾಕೆ ಈ ಪರೀಕ್ಷೆ ಅಂದರೆ, ಗೇರು ಬದಲಾದರೆ ಎಂಜಿನ್ ತಿರುಗುವ ವೇಗ ಬದಲಾಗುತ್ತದೆ, ಚಕ್ರ ತಿರುಗುವ ವೇಗ ಬದಲಾಗುವುದಿಲ್ಲ. ನಡುಕ ಯಾರ ಜತೆ ಹೋಗುತ್ತದೋ ಕಾಯಿಲೆ ಅವರದ್ದು.

ಲೆಕ್ಕ ಮೊದಲೇ ಬರೆದುಕೊಂಡಿದ್ದೆ. ಟೈರು 165/80 ಆರ್14, ಒಂದು ಸುತ್ತಿಗೆ ಸುಮಾರು 1.95 ಮೀಟರ್. 50ರ ವೇಗ ಅಂದರೆ ಸೆಕೆಂಡಿಗೆ ಸುಮಾರು 13.9 ಮೀಟರ್. ಅಂದರೆ ಚಕ್ರ ಸೆಕೆಂಡಿಗೆ ಏಳು ಸುತ್ತು, ಸ್ವಲ್ಪ ಮೇಲೆ. ಇದು ಯಾವ ಗೇರಿನಲ್ಲೂ ಅಷ್ಟೇ. ಎಂಜಿನ್ ಕಡೆಯಿಂದ, ಈ ಕಾರಿನ ಗೇರುಗಳಲ್ಲಿ 50ಕ್ಕೆ ಎರಡನೇ ಗೇರಿನಲ್ಲಿ ಸುಮಾರು 3300 ಆರ್‌ಪಿಎಂ, ಮೂರನೆಯದರಲ್ಲಿ 2250, ನಾಲ್ಕನೆಯದರಲ್ಲಿ 1700ರ ಹತ್ತಿರ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಒಂದು ಸಿಲಿಂಡರ್ ಎರಡು ಸುತ್ತಿಗೆ ಒಂದು ಸಲ ಉರಿಯುತ್ತದೆ. ಒಂದು ಸಿಲಿಂಡರ್ ಸತತವಾಗಿ ಮಿಸ್ ಹೊಡೆದರೆ ನಡುಕ ಸೆಕೆಂಡಿಗೆ ಎರಡನೇ ಗೇರಿನಲ್ಲಿ 28 ಸಲ, ಮೂರರಲ್ಲಿ 19, ನಾಲ್ಕರಲ್ಲಿ 14 ಹೀಗೆ ಇಳಿಯಬೇಕು.

ಫೋನಿನ ಪರದೆಯಲ್ಲಿ ಗೆರೆ ಮೂರೂ ಗೇರಿನಲ್ಲಿ ಸೆಕೆಂಡಿಗೆ 21 ಸಲದ ಆಸುಪಾಸಿನಲ್ಲೇ ನಿಂತಿತ್ತು. ಗೇರು ಬದಲಾಯಿಸಿದಾಗ ಎಂಜಿನ್ ಸದ್ದು ಪೂರ್ತಿ ಬದಲಾಗುತ್ತಿತ್ತು, ಕಾಲ ಕೆಳಗಿನ ನಡುಕದ ಲಯ ಮಾತ್ರ ಹಾಗೇ. ವೇಗ 40ಕ್ಕೆ ಇಳಿಸಿದರೆ 17ಕ್ಕೆ ಬಂತು. ಅಂದರೆ ಅದು ಚಕ್ರದ ಜತೆ ಹೋಗುತ್ತಿದೆ. ಅದೂ ಚಕ್ರದ ಒಂದು ಸುತ್ತಿಗೆ ಸರಿಯಾಗಿ ಮೂರು ಸಲ.

ಈ ಮೂರು ಎನ್ನುವ ಅಂಕಿ ಸುಮ್ನೆ ಬರುವುದಲ್ಲ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಪ್ರತಿ ಡ್ರೈವ್ ಶಾಫ್ಟಿಗೆ ಎರಡು ಜಾಯಿಂಟ್ ಇರುತ್ತವೆ. ಹೊರಗಿನದು ಚಕ್ರದ ಪಕ್ಕ, ಗುಂಡುಗಳಿರುವ ಸಿವಿ ಜಾಯಿಂಟ್. ಅದು ಸವೆದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಡುವಾಗ ಕಟಕಟ ಸದ್ದು ಬರುತ್ತದೆ, ಇದನ್ನು ಎಲ್ಲ ಮೆಕ್ಯಾನಿಕ್‌ಗಳೂ ಕಿವಿಯಲ್ಲೇ ಹಿಡಿಯುತ್ತಾರೆ. ಒಳಗಿನದು ಗೇರ್‌ಬಾಕ್ಸ್ ಪಕ್ಕ. ಬಹಳಷ್ಟು ಸಣ್ಣ ಕಾರುಗಳಲ್ಲಿ ಇದು ಟ್ರೈಪಾಡ್: ಮೂರು ಕೈಗಳ ತುದಿಯಲ್ಲಿ ಮೂರು ರೋಲರ್, ಅವು ಒಂದು ಬಟ್ಟಲಿನ ಒಳಗೆ ಕೊರೆದ ಮೂರು ಜಾಡಿನಲ್ಲಿ ಹಿಂದೆ ಮುಂದೆ ಜಾರುತ್ತಾ ತಿರುಗುತ್ತವೆ. ಚಕ್ರ ಮೇಲೆ ಕೆಳಗೆ ಆದಾಗ ಶಾಫ್ಟಿನ ಉದ್ದ ಹೊಂದಿಕೊಳ್ಳುವುದು ಇಲ್ಲೇ. ರೋಲರ್ ಸರಾಗವಾಗಿ ಜಾರದೆ ಜಾಡಿನಲ್ಲಿ ಸಿಕ್ಕಿ ಸಿಕ್ಕಿ ಹೋದರೆ ಒಂದು ಸುತ್ತಿನಲ್ಲಿ ಮೂರು ಸಲ ಶಾಫ್ಟು ಗೇರ್‌ಬಾಕ್ಸನ್ನು ಅಡ್ಡಕ್ಕೆ ತಳ್ಳಿ ಎಳೆಯುತ್ತದೆ. ಎಳೆತ ಹೆಚ್ಚಾದಷ್ಟೂ, ಕೋನ ಹೆಚ್ಚಾದಷ್ಟೂ ಈ ತಳ್ಳಾಟ ಜೋರು. ಭಾರ ತುಂಬಿಕೊಂಡು ಏರು ಹತ್ತುವಾಗ ಎರಡೂ ಒಟ್ಟಿಗೆ ಬರುತ್ತವೆ, ಇಳಿಯುವಾಗ ಎರಡೂ ಇರುವುದಿಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ, ಒಬ್ಬರೇ ಕೂತ ಖಾಲಿ ಕಾರಿನಲ್ಲಿ, ಇದು ಕಾಣದಿದ್ದುದಕ್ಕೂ ಕಾರಣ ಇದೇ. ಒಳಗಿನ ಜಾಯಿಂಟ್ ಸದ್ದನ್ನೂ ಅಷ್ಟಾಗಿ ಮಾಡುವುದಿಲ್ಲ, ಅದಕ್ಕೇ ಎಷ್ಟೋ ಸಲ ಇದರ ಪಾಪವನ್ನು ಪ್ಲಗ್ಗು, ಮೌಂಟಿಂಗು, ಟೈರು ಹೊರುತ್ತವೆ.

ಸಕಲೇಶಪುರದಲ್ಲಿ ಪರಿಚಯದ ಒಬ್ಬ ಮೆಕ್ಯಾನಿಕ್ಕಿನ ಶೆಡ್ಡಿಗೆ ಹೋದೆವು. ಭಾವನಿಗೆ ಹಾಗೇ ಬೆಂಗಳೂರು ಸೇರಿಬಿಡುವ ಮನಸ್ಸಿತ್ತು. ನಾನು ಬೇಡ ಅಂದೆ, ಅದಕ್ಕೊಂದು ಕಾರಣ ಇದೆ. ಈ ಜಾಯಿಂಟ್ ಸಾಮಾನ್ಯವಾಗಿ ನಿಧಾನಕ್ಕೆ ಕೆಡುತ್ತದೆ, ತಟ್ಟನೆ ಕೈ ಕೊಡುವುದು ಅಪರೂಪ. ಆದರೆ ಕೈ ಕೊಟ್ಟರೆ, ಒಂದು ಬದಿಯ ಶಾಫ್ಟು ಕಳಚಿಕೊಂಡರೂ ಎರಡೂ ಚಕ್ರಕ್ಕೆ ಎಳೆತ ಸಿಗುವುದಿಲ್ಲ. ಎರಡೂ ಬದಿಗೆ ಬಲ ಹಂಚುವ ಡಿಫರೆನ್ಷಿಯಲ್ ಬಲವನ್ನೆಲ್ಲ ಕಳಚಿದ ಬದಿಗೇ ಸುರಿದುಬಿಡುತ್ತದೆ. ಇನ್ನೂ ಕೆಟ್ಟದ್ದು ಏನೆಂದರೆ, ಆಗ ಗೇರಿನಲ್ಲಿ ನಿಲ್ಲಿಸಿದರೂ ಕಾರು ನಿಲ್ಲುವುದಿಲ್ಲ. ಏರಿನಲ್ಲಿ ಹ್ಯಾಂಡ್ ಬ್ರೇಕ್ ಒಂದೇ ಗತಿ. ಮನೆಯವರನ್ನು ಕೂರಿಸಿಕೊಂಡು ಘಾಟಿ ಓಡಾಡುವವರು ಇದನ್ನು ತಿಳಿದಿರಬೇಕು.

ಮೆಕ್ಯಾನಿಕ್ ಅಣ್ಣ ನಮ್ಮ ಮಾತು ಕೇಳಿ ಮೊದಲು ತಲೆ ಆಡಿಸಲಿಲ್ಲ. "ಮೌಂಟಿಂಗ್ ನೋಡಿಬಿಡೋಣ ಸಾರ್, ಆಮೇಲೆ ಶಾಫ್ಟ್ ಬಿಚ್ಚೋಣ" ಅಂದರು. ಅದು ಸರಿಯಾದ ಕ್ರಮವೇ. ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಗಟ್ಟಿಯಾಗಿ ಒತ್ತಿ, ಮೊದಲ ಗೇರಿನಲ್ಲಿ ಒಮ್ಮೆ ರಿವರ್ಸಿನಲ್ಲಿ ಒಮ್ಮೆ ಕ್ಲಚ್ ಸ್ವಲ್ಪವೇ ಬಿಟ್ಟರೆ ಎಂಜಿನ್ ಎಷ್ಟು ಎದ್ದು ಕೂರುತ್ತದೆ ಅಂತ ಬಾನೆಟ್ ತೆಗೆದು ನೋಡುವುದು. ನೋಡುವವರು ಪಕ್ಕದಲ್ಲಿ ನಿಲ್ಲಬೇಕು, ಕಾರಿನ ಮುಂದೆ ಅಲ್ಲ. ಎಂಜಿನ್ ಅಷ್ಟಾಗಿ ಅಲುಗಲಿಲ್ಲ. ಆಮೇಲೆ ಕಾರು ಎತ್ತಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ ಬೇರಿಂಗ್, ಬಾಲ್ ಜಾಯಿಂಟ್ ನೋಡಿದರು, ಅಕ್ಕಪಕ್ಕ ಹಿಡಿದು ಟೈ ರಾಡ್ ನೋಡಿದರು. ಎಲ್ಲ ಬಿಗಿ.

ಬಲಗಡೆಯ ಉದ್ದ ಶಾಫ್ಟಿನ ಒಳ ಬೂಟು (ಜಾಯಿಂಟಿನ ಗ್ರೀಸು ಹೊರಗೆ ಹೋಗದಂತೆ ಮುಚ್ಚುವ ರಬ್ಬರ್ ಚೀಲ) ಹರಿದಿರಲಿಲ್ಲ, ಆದರೆ ಅದರ ಸಣ್ಣ ಬದಿಯ ಕ್ಲಿಪ್ಪು ಸಡಿಲವಾಗಿತ್ತು. ಸುತ್ತಲಿನ ಕಬ್ಬಿಣದ ಮೇಲೆ ಗ್ರೀಸು ಚಿಮ್ಮಿ ಧೂಳು ಹಿಡಿದಿತ್ತು. ಗೇರ್‌ಬಾಕ್ಸ್ ಪಕ್ಕ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲುಗಿಸಿದರೆ ಟಕ್ ಟಕ್ ಅಂತ ಕೈಗೆ ಸಿಗುತ್ತಿತ್ತು. ಎಡಗಡೆ ಆ ಟಕ್ ಇಲ್ಲ. ಇಲ್ಲೊಂದು ಎಚ್ಚರ: ಈ ಜಾಯಿಂಟು ಒಳಗೆ ಹೊರಗೆ ಜಾರಲೇಬೇಕು, ಅದು ದೋಷವಲ್ಲ. ಮೇಲೆ ಕೆಳಗಿನ ಆಟ ಮತ್ತು ತಿರುಚಿದಾಗ ಸಿಗುವ ಆಟವನ್ನು ಎರಡೂ ಬದಿ ಹೋಲಿಸಿ ನೋಡಬೇಕು.

ಗೇರ್ ಆಯಿಲ್ ಇಳಿಸಿ, ಹಬ್ ನಟ್ ಬಿಚ್ಚಿ, ಶಾಫ್ಟ್ ಹೊರಗೆ ತೆಗೆದು ಬಟ್ಟಲು ಒರೆಸಿದಾಗ ಎಲ್ಲ ಕಣ್ಣೆದುರಿಗೇ ಇತ್ತು. ಗ್ರೀಸು ತೆಳ್ಳಗಾಗಿ ಕಪ್ಪಗಾಗಿತ್ತು. ಬೆರಳಲ್ಲಿ ಉಜ್ಜಿ ಬೆಳಕಿಗೆ ಹಿಡಿದರೆ ಬೆಳ್ಳಿ ಪುಡಿಯ ಮಿನುಗು, ಅಂದರೆ ಲೋಹದ ಪುಡಿ. ಮೂರು ಜಾಡಿನಲ್ಲೂ ಒಂದು ಬದಿಯ ಗೋಡೆ ಮಾತ್ರ ಸವೆದಿತ್ತು, ಕಾರು ಮುಂದಕ್ಕೆ ಎಳೆಯುವಾಗ ರೋಲರ್ ಒತ್ತುವ ಬದಿ. ಉಗುರನ್ನು ಜಾಡಿನ ಉದ್ದಕ್ಕೆ ಎಳೆದರೆ ನಡುವೆ, ನೇರ ರಸ್ತೆಯಲ್ಲಿ ರೋಲರ್ ಕೂರುವ ಜಾಗದಲ್ಲೇ, ಉಗುರು ಸಿಕ್ಕಿಕೊಳ್ಳುತ್ತಿತ್ತು. ಎದುರು ಗೋಡೆ ಹೊಸದರಂತೆ ನುಣ್ಣಗೆ. ಕಾಲು ಎತ್ತಿದ ತಕ್ಷಣ ನಡುಕ ನಿಲ್ಲುತ್ತಿದ್ದುದು ಯಾಕೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಎಂಜಿನ್ ಬ್ರೇಕಿಂಗ್ ಆಗುವಾಗ ರೋಲರ್ ಆ ನುಣುಪು ಬದಿಗೆ ಒರಗುತ್ತದೆ. ಒಂದು ರೋಲರಂತೂ ಬೆರಳಿನಲ್ಲಿ ತಿರುಗಿಸಿದರೆ ತಡೆದು ತಡೆದು ತಿರುಗುತ್ತಿತ್ತು, ಒಳಗಿನ ಸೂಜಿ ಬೇರಿಂಗ್ ಹೋಗಿತ್ತು.

ಮೂರು ಕೈಯ ಟ್ರೈಪಾಡ್ ಮಾತ್ರ ಹೊಸದು ಹಾಕೋಣವೇ ಅಂತ ಭಾವ ಕೇಳಿದರು, ಅದು ಅಗ್ಗ. ಬಟ್ಟಲಿನ ಜಾಡು ನುಣ್ಣಗಿದ್ದರೆ ಹಾಗೆ ಮಾಡಬಹುದಿತ್ತು. ಉಗುರು ಸಿಕ್ಕುವ ಜಾಡಿನಲ್ಲಿ ಹೊಸ ರೋಲರ್ ಹಾಕಿದರೆ ಅದೂ ಬೇಗ ಹಾಳಾಗುತ್ತದೆ. ಹಾಸನದಿಂದ ಒಳಗಿನ ಜಾಯಿಂಟಿನ ಪೂರ್ತಿ ಸೆಟ್ ತರಿಸಿದೆವು, ಬಟ್ಟಲು ಟ್ರೈಪಾಡ್ ಎರಡೂ. ಜತೆಗೆ ಬೂಟು, ಕ್ಲಿಪ್ಪುಗಳು, ಗೇರ್‌ಬಾಕ್ಸಿನ ಆಯಿಲ್ ಸೀಲು, ಹೊಸ ಹಬ್ ನಟ್. ಗ್ರೀಸು ಸೆಟ್ಟಿನ ಜತೆ ಬಂದ ಪಾಕೆಟ್ಟಿನದೇ ಹಾಕಿಸಿದೆ. ಶೆಡ್ಡಿನ ಡಬ್ಬದಲ್ಲಿರುವ ವೀಲ್ ಬೇರಿಂಗ್ ಗ್ರೀಸು ಈ ಜಾಯಿಂಟಿಗೆ ಹೇಳಿದ್ದಲ್ಲ. ಶಾಫ್ಟ್ ತೆಗೆದ ಮೇಲೆ ಅಥವಾ ಹಬ್ ನಟ್ ಸಡಿಲ ಇರುವಾಗ ಕಾರನ್ನು ಚಕ್ರದ ಮೇಲೆ ಇಳಿಸಿ ತಳ್ಳಬಾರದು, ಬೇರಿಂಗ್ ಹಾಳಾಗುತ್ತದೆ. ಆ ಅಣ್ಣ ಇದನ್ನೆಲ್ಲ ಹೇಳಿಸಿಕೊಳ್ಳದೆಯೇ ಮಾಡಿದರು, ನಟ್ಟನ್ನು ಟಾರ್ಕ್ ರೆಂಚಿನಲ್ಲೇ ಬಿಗಿದು ತುದಿ ಮಡಿಸಿದರು. ಕೆಲಸ ಗೊತ್ತಿದ್ದವರ ಕೈ ನೋಡುವುದೇ ಒಂದು ಖುಷಿ.

ಸರಿಯಾಯಿತೋ ಇಲ್ಲವೋ ಅಂತ ಸಕಲೇಶಪುರದ ಪೇಟೆಯಲ್ಲಿ ಸುತ್ತಿ ನೋಡಿದರೆ ಗೊತ್ತಾಗುವುದಿಲ್ಲ ಅಲ್ವಾ. ಅದೇ ಜನ, ಅದೇ ಲಗೇಜು ಇಟ್ಟುಕೊಂಡು ಗುಂಡ್ಯದವರೆಗೆ ಇಳಿದು, ಅದೇ ಜಾಗದಲ್ಲಿ ಅದೇ 50ರಲ್ಲಿ ಎರಡು, ಮೂರು, ನಾಲ್ಕನೇ ಗೇರು ಹಾಕಿ ಹತ್ತಿದೆವು. 21ರ ಗೆರೆ ಪರದೆಯಲ್ಲಿ ಇರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಅಕ್ಕ "ಈಗ ಸ್ಟೇರಿಂಗ್ ಹಿಡಿದ ನಿಮ್ಮ ಕೈ ನಡುಗ್ತಿಲ್ಲ ನೋಡಿ" ಅಂತ ಭಾವನಿಗೆ ಹೇಳಿದಳು.

ಎಲ್ಲ ಕಾರಿಗೂ ಉತ್ತರ ಇದೇ ಅಂತಲ್ಲ. ಹಿಂದಿನ ಚಕ್ರ ಎಳೆಯುವ ಗಾಡಿಯಾದರೆ ಇದೇ ಲಕ್ಷಣಕ್ಕೆ ಹಿಂದಿನ ಚಕ್ರಗಳ ಕಡೆಗೆ ಬಲ ಒಯ್ಯುವ ಉದ್ದ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು, ನಡುವಿನ ಬೇರಿಂಗು ನೋಡಬೇಕು, ಅಲ್ಲಿ ಶಾಫ್ಟು ಚಕ್ರಕ್ಕಿಂತ ಹಲವು ಪಟ್ಟು ಜೋರಾಗಿ ತಿರುಗುವುದರಿಂದ ನಡುಕದ ಲೆಕ್ಕವೂ ಬೇರೆ ಬರುತ್ತದೆ. ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್ಕಿನಲ್ಲಿ ಹಗುರವಾಗಿ ಕಾಲು ಒತ್ತಿದಾಗ ಬರುವ ಸಣ್ಣ ಕಂಪನ ಅದರೊಳಗಿನ ಲಾಕಪ್ ಕ್ಲಚ್ಚಿನದು ಆಗಿರಬಹುದು. ಆದರೆ ಪರೀಕ್ಷೆ ಶುರುವಾಗುವುದು ಅಲ್ಲೂ ಹೀಗೇ: ವೇಗ ಹಿಡಿದು ಗೇರು ಬದಲಾಯಿಸಿ, ಆಮೇಲೆ ಗೇರು ಹಿಡಿದು ಕಾಲು ಎತ್ತಿ.

ಎಡಗಡೆಯ ಒಳ ಬೂಟಿನ ಮಡಿಕೆಗಳಲ್ಲಿ ರಬ್ಬರು ಬಿರಿಯಲು ಶುರುವಾಗಿತ್ತು, ಒಳಗಿನ ಜಾಡು ಇನ್ನೂ ನುಣ್ಣಗಿತ್ತು. ಅದಕ್ಕೆ ಬೂಟು, ಗ್ರೀಸು ಮಾತ್ರ ಹೊಸದು ಹಾಕಿಸಿದೆವು. ಈಗ ಪ್ರತಿ ಆಯಿಲ್ ಚೇಂಜಿಗೆ ಕಾರು ಎತ್ತಿದಾಗ ಭಾವ ಟಾರ್ಚ್ ಹಿಡಿದು ನಾಲ್ಕೂ ಬೂಟಿನ ಕ್ಲಿಪ್ಪು ನೋಡುತ್ತಾರೆ.